ಪರಿಸರ ಮತ್ತು ನಿಸರ್ಗ ಸಂಪತ್ತಿನ ನಿರ್ವಹಣೆ: ಒಂದು ಪ್ರೌಢ ವ್ಯಾಸಂಗದ ಸ್ವರೂಪ

ವ್ಯಾಕರಣ, ತರ್ಕ, ಗಣಿತ, ವೈದ್ಯ ಮೊದಲಾದ ವಿದ್ಯೆಗಳಿಗೆ ಶತಶತಮಾನಗಳ ಪರಂಪರೆಯುಂಟು. ಅವುಗಳ ಎಲ್ಲೆ ಯಾವುದು, ಅವುಗಳನ್ನು ಕಲಿತವನು ಏನನ್ನು ಬಲ್ಲವನಾಗುತ್ತಾನೆ ಎಂಬುದು ಲೋಕಕ್ಕೆ ತಿಳಿದ ವಿಷಯ. ಆದರೆ ಕಳೆದ ಐದು ದಶಕಗಳಲ್ಲಿ ವಿಶ್ವವಿದ್ಯಾನಿಲಯಗಳಲ್ಲಿ ನೆಲೆಗೊಂಡ ಒಂದು ನೂತನ ವಿದ್ಯೆಯ ವಿಷಯದಲ್ಲಿ ಈ ಮಾತನ್ನು ಹೇಳುವಂತಿಲ್ಲ. 'ಪರಿಸರ ಮತ್ತು ನಿಸರ್ಗ ಸಂಪತ್ತಿನ ನಿರ್ವಹಣೆ' ಎಂಬ ಹೆಸರಿನ ಸ್ನಾತಕೋತ್ತರ ಪದವಿಗೆ ಮಗನನ್ನೋ ಮಗಳನ್ನೋ ಕಳುಹಿಸಬೇಕೆಂಬ ಪ್ರಸ್ತಾಪ ಬಂದಾಗ, ಇದು ಗಿಡ ನೆಡುವ ವಿದ್ಯೆಯೋ, ಕಾರ್ಖಾನೆಯ ಹೊಗೆಯನ್ನು ಅಳೆಯುವ ವಿದ್ಯೆಯೋ, ಅಥವಾ ಕಾನೂನಿನ ವಿದ್ಯೆಯೋ ಎಂದು ಗ್ರಾಮಾಂತರದ ತಂದೆತಾಯಿಗಳು ಸಂದೇಹಪಡುವುದು ಸಹಜವಾಗಿದೆ. ಅವರಿಗೆ ಉತ್ತರ ಹೇಳಬೇಕಾದ ಉಪಾಧ್ಯಾಯರಲ್ಲಿಯೂ ಅನೇಕರಿಗೆ ಈ ಸಂದೇಹವಿದೆ. ಈ ವ್ಯಾಸಂಗದ ಸ್ವರೂಪವೇನು, ಅದರ ಸಾರ ಯಾವುದರಲ್ಲಿದೆ, ನಾಡಿಗೆ ಅದರಿಂದ ಆಗಬೇಕಾದ ಪ್ರಯೋಜನವೇನು ಎಂಬುದನ್ನು ಒಂದು ನಿದರ್ಶನದ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರಿನ ಅರ್ಥ

ಯಾವುದೇ ಶಾಸ್ತ್ರವನ್ನು ಪ್ರವೇಶಿಸುವ ಮುನ್ನ ಅದರ ಹೆಸರನ್ನು ಬಿಡಿಸಿ ನೋಡುವುದು ಹಿರಿಯರು ಹಾಕಿಕೊಟ್ಟ ಕ್ರಮ. 'ಪರಿ' ಎಂದರೆ ಸುತ್ತಲೂ. 'ಸೃ' ಧಾತುವಿಗೆ ಚಲನೆ ಎಂದರ್ಥ. ಆದುದರಿಂದ 'ಪರಿಸರ' ಎಂಬುದು ನಿಶ್ಚಲವಾಗಿ ಸುತ್ತುವರಿದಿರುವ ಗೋಡೆಯಲ್ಲ. ಸುತ್ತಲೂ ಸಂಚರಿಸುತ್ತಿರುವ ಗಾಳಿ, ನೀರು, ಜೀವರಾಶಿಗಳ ಒಟ್ಟು ವ್ಯಾಪಾರ. 'ಸಂಪತ್ತು' ಎಂದರೆ ಕೂಡಿಬಂದದ್ದು. ಒಂದು ಮಳೆಗಾಲದಲ್ಲಿ ಬಂದ ನೀರು, ಸಾವಿರಾರು ವರ್ಷಗಳಲ್ಲಿ ಆದ ಮಣ್ಣು, ನೂರು ವರ್ಷಗಳಲ್ಲಿ ಬೆಳೆದ ಮರ ಇವೆಲ್ಲವೂ ಕೂಡಿಬಂದವುಗಳೇ; ಆದರೆ ಕೂಡಿಬರಲು ಹಿಡಿದ ಕಾಲ ಮಾತ್ರ ಒಂದೊಂದಕ್ಕೆ ಒಂದೊಂದು ಬಗೆ. ಈ ಕಾಲಭೇದವನ್ನು ಮರೆತಾಗಲೇ ಸಂಪತ್ತಿನ ನಾಶ ಮೊದಲಾಗುತ್ತದೆ.

ಇನ್ನು 'ನಿರ್ವಹಣೆ'. 'ನಿರ್' ಪೂರ್ವಕವಾದ 'ವಹ್' ಧಾತುವಿನಿಂದ ಬಂದ ಈ ಶಬ್ದಕ್ಕೆ, ಹೊತ್ತದ್ದನ್ನು ಕೊನೆಯವರೆಗೂ ಮುಟ್ಟಿಸುವುದು ಎಂಬ ಅರ್ಥವಿದೆ. ನಾಟಕಶಾಸ್ತ್ರದಲ್ಲಿ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಐದು ಸಂಧಿಗಳು. ಮೊದಲಲ್ಲಿ ಬಿತ್ತಿದ ಬೀಜಗಳೆಲ್ಲವೂ ಕೊನೆಯ ಸಂಧಿಯಲ್ಲಿ ಒಂದೇ ಫಲಕ್ಕೆ ಬಂದು ಕೂಡಬೇಕು. ಯಾವ ಎಳೆಯೂ ಹೊರಗುಳಿಯಬಾರದು. ಸಸ್ಯವನ್ನು ಬಲ್ಲವನು ಬೆಲೆಯನ್ನು ಮರೆತರೆ, ಬೆಲೆಯನ್ನು ಬಲ್ಲವನು ಜನರನ್ನು ಮರೆತರೆ, ಜನರನ್ನು ಬಲ್ಲವನು ಕಾನೂನನ್ನು ಮರೆತರೆ ಅದು ನಿರ್ವಹಣೆಯಾಗದು. ಈ ವ್ಯಾಸಂಗದ ಹೃದಯ ಈ ಒಂದು ಶಬ್ದದಲ್ಲಿಯೇ ಅಡಗಿದೆ.

ವ್ಯಾಸಂಗದ ಉದಯ

ಭಾರತದಲ್ಲಿ ಅರಣ್ಯವಿದ್ಯೆಯ ಬೋಧನೆ ಬ್ರಿಟಿಷರ ಕಾಲದಲ್ಲಿಯೇ ಆರಂಭವಾಗಿತ್ತು. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಸ್ಥಾಪಿತವಾದದ್ದು 1906ರಲ್ಲಿ. ಆದರೆ ಆ ಕಾಲದ ಅರಣ್ಯವಿದ್ಯೆಯ ಮುಖ್ಯ ದೃಷ್ಟಿ ಮರಮುಟ್ಟಿನ ಉತ್ಪಾದನೆಯ ಕಡೆಗಿತ್ತು. 1972ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದ ತರುವಾಯ ಪರಿಸರವನ್ನು ಸಮಗ್ರವಾಗಿ ನೋಡುವ ದೃಷ್ಟಿ ರಾಷ್ಟ್ರಗಳ ಆಡಳಿತವನ್ನು ಪ್ರವೇಶಿಸಿತು. ನಮ್ಮ ದೇಶದಲ್ಲಿ 1974ರಲ್ಲಿ ಜಲಮಾಲಿನ್ಯ ನಿಯಂತ್ರಣದ ಕಾಯಿದೆ ಬಂದಿತು. 1976ರ 42ನೆಯ ತಿದ್ದುಪಡಿಯಿಂದ ಪರಿಸರ ರಕ್ಷಣೆಯು ಸಂವಿಧಾನದಲ್ಲಿ ರಾಜ್ಯದ ಕರ್ತವ್ಯವಾಗಿಯೂ ಪ್ರಜೆಯ ಕರ್ತವ್ಯವಾಗಿಯೂ ಸ್ಥಾನ ಪಡೆಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ, 1984ರ ಭೋಪಾಲ ದುರಂತದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂದವು.

ಕಾಯಿದೆಗಳು ಬಂದ ಮೇಲೆ ಅವುಗಳನ್ನು ನಡೆಸಬಲ್ಲ ವಿದ್ಯಾವಂತರು ಬೇಕಾದರು. 1982ರಲ್ಲಿ ಭೋಪಾಲದಲ್ಲಿ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆ, 1983ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಗಳ ಕೇಂದ್ರ ಆರಂಭವಾದವು. ಶಿರಸಿಯಲ್ಲಿಯೂ ಪೊನ್ನಂಪೇಟೆಯಲ್ಲಿಯೂ ಅರಣ್ಯ ಮಹಾವಿದ್ಯಾಲಯಗಳು ನೆಲೆಗೊಂಡವು. ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ಪರಿಸರವನ್ನು ಕಡ್ಡಾಯವಾಗಿ ಬೋಧಿಸಬೇಕೆಂಬ ದಿಸೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ನಿರ್ದೇಶನ ನೀಡಿತು. ಮೈಸೂರು, ಬೆಂಗಳೂರು, ಮಂಗಳೂರು, ಕುವೆಂಪು ವಿಶ್ವವಿದ್ಯಾನಿಲಯಗಳಲ್ಲಿ ಪರಿಸರ ವಿಜ್ಞಾನದ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಕಾಶ ದೊರೆಯಿತು. ಹೀಗೆ ಈ ವಿದ್ಯೆ ಹುಟ್ಟಿದ್ದು ಪಂಡಿತರ ಕುತೂಹಲದಿಂದ ಮಾತ್ರವಲ್ಲ. ದೇಶದ ಸಂಕಟದಿಂದ ಎಂಬುದನ್ನು ಗಮನಿಸಬೇಕು.

ಪಠ್ಯಕ್ರಮ

ಸಾಮಾನ್ಯವಾಗಿ ಈ ಪದವಿಯ ಅವಧಿ 2 ವರ್ಷ; ಅದನ್ನು 4 ಷಣ್ಮಾಸಗಳಾಗಿ ವಿಂಗಡಿಸಿರುತ್ತಾರೆ. ಮೊದಲಲ್ಲಿ ಜೀವಿಗಳ ಪರಸ್ಪರ ಸಂಬಂಧ, ಮಣ್ಣು ಮತ್ತು ನೀರಿನ ವಿಜ್ಞಾನ, ಸಂಖ್ಯಾಶಾಸ್ತ್ರ ಇವುಗಳ ಬೋಧನೆ. ಅನಂತರ ಸಂಪನ್ಮೂಲಗಳ ಅರ್ಥಶಾಸ್ತ್ರ, ಪರಿಸರ ಕಾನೂನು, ಗ್ರಾಮಸಮಾಜದ ಅಧ್ಯಯನ, ಉಪಗ್ರಹಗಳು ಕಳುಹಿಸುವ ಚಿತ್ರಗಳಿಂದ ಭೂಮಿಯ ಸ್ಥಿತಿಯನ್ನು ಗುರುತಿಸುವ ದೂರಸಂವೇದಿ ವಿದ್ಯೆ. ಕೊನೆಗೆ ಒಂದು ಊರನ್ನೋ ಕಾಡನ್ನೋ ಕೆರೆಯನ್ನೋ ಆರಿಸಿಕೊಂಡು, ಅಲ್ಲಿ ಕೆಲವು ತಿಂಗಳು ನಿಂತು, ಸ್ವತಃ ಅಳೆದು ವಿಚಾರಿಸಿ ಬರೆಯಬೇಕಾದ ಪ್ರಬಂಧ. ಪರಿಸರ ವಿಜ್ಞಾನದ ಎಂ.ಎಸ್ಸಿ. ಪದವಿಗೆ ಸಾಮಾನ್ಯವಾಗಿ ವಿಜ್ಞಾನದ ಪದವೀಧರರನ್ನು ಸೇರಿಸಿಕೊಳ್ಳುತ್ತಾರೆ. ಭೋಪಾಲದ ಸಂಸ್ಥೆಯಂತಹ ನಿರ್ವಹಣಾ ಪ್ರಧಾನವಾದ ಕಡೆಗಳಲ್ಲಿ ಕಲೆ, ವಾಣಿಜ್ಯಗಳ ಪದವೀಧರರಿಗೂ ಬಾಗಿಲು ತೆರೆದಿದೆ.

ವಿಷಯಗಳ ಈ ಪಟ್ಟಿಯನ್ನು ನೋಡಿದವರಿಗೆ ಇದು ಹತ್ತು ಅಂಗಡಿಗಳಿಂದ ತಂದು ಗಂಟು ಕಟ್ಟಿದ ಸರಕಿನಂತೆ ತೋರಬಹುದು. ಹಾಗೆ ತೋರುವುದು ನಿದರ್ಶನವಿಲ್ಲದೆ ಪಟ್ಟಿಯನ್ನು ಓದಿದಾಗ ಮಾತ್ರ. ಈ ವಿಷಯಗಳಲ್ಲಿ ಒಂದನ್ನು ಬಿಟ್ಟರೂ ಉಳಿದವು ಹೇಗೆ ದಾರಿ ತಪ್ಪುತ್ತವೆ ಎಂಬುದನ್ನು ಕಾಣಲು ಉತ್ತರ ಕನ್ನಡ ಜಿಲ್ಲೆಯ ಬಿದಿರಿನ ಇತಿಹಾಸವೊಂದೇ ಸಾಕು.

ಬಿದಿರು ಮೆಳೆಯ ನಿದರ್ಶನ

ಬಿದಿರು ನೋಟಕ್ಕೆ ಮರ. ಸಸ್ಯಶಾಸ್ತ್ರದಲ್ಲಿ ಅದು ಹುಲ್ಲಿನ ಜಾತಿ. ಮಳೆಗಾಲದಲ್ಲಿ ಮೆಳೆಯ ಬುಡದ ಗೆಡ್ಡೆಯಿಂದ ಕಳಲೆ ಮೂಡುತ್ತದೆ. ಅದು ಕೆಲವೇ ತಿಂಗಳುಗಳಲ್ಲಿ ತನ್ನ ಪೂರ್ಣ ಎತ್ತರಕ್ಕೆ ಏರುತ್ತದೆ. ಆಮೇಲೆ ಎತ್ತರವೂ ಹೆಚ್ಚದು, ದಪ್ಪವೂ ಹೆಚ್ಚದು. ಮುಂದಿನ ಎರಡು ಮೂರು ವರ್ಷಗಳಲ್ಲಿ ಗಳ ಬಲಿಯುತ್ತದೆ. ಹೊಸ ಕಳಲೆಗೆ ಬೇಕಾದ ಆಹಾರವು ಹಳೆಯ ಗಳಗಳ ಎಲೆಗಳಿಂದ ಬುಡಕ್ಕೆ ಇಳಿದು ಅಲ್ಲಿಂದ ದೊರೆಯತಕ್ಕದ್ದು. ಆದುದರಿಂದ ಬಲಿತವುಗಳನ್ನು ಆರಿಸಿ ಕಡಿದು, ಎಳೆಯವುಗಳನ್ನೂ ಕೆಲವು ಬಲಿತವುಗಳನ್ನೂ ಉಳಿಸಿದರೆ ಮೆಳೆ ವರ್ಷವರ್ಷವೂ ಕೊಡುತ್ತಲೇ ಇರುತ್ತದೆ. ಬೋಳಾಗಿ ಕಡಿದರೆ ಸೊರಗುತ್ತದೆ. ಮುಳ್ಳುಬಿದಿರು ಸುಮಾರು ನಾಲ್ಕು ದಶಕಗಳ ಬಾಳಿನ ಕೊನೆಗೆ ಒಮ್ಮೆ ಹೂಬಿಟ್ಟು, ಬಿದಿರಕ್ಕಿಯನ್ನು ಸುರಿಸಿ ಸಾಯುತ್ತದೆ. ಆಗ ಬೆಂಕಿಯಿಂದಲೂ ಮೇವಿನಿಂದಲೂ ಮೊಳಕೆಯನ್ನು ಕಾಯದಿದ್ದರೆ ಆ ಕಾಡಿನಲ್ಲಿ ಬಿದಿರಿನ ವಂಶವೇ ಕಡಿದುಹೋಗುವ ಭಯವಿದೆ. ಇಷ್ಟು ಜೀವಶಾಸ್ತ್ರದ ಮಾತು.

ಬಿದಿರನ್ನು ನಂಬಿ ಬದುಕುವವರು ಮೇದರು. ಮೊರ, ಬುಟ್ಟಿ, ತಟ್ಟಿ, ಕಣಜ ಇವೆಲ್ಲ ಅವರ ಕೈಯ ಕಸುಬು. ರೈತನ ಮನೆಗೂ ಬಿದಿರು ಬೇಕು. ಏಣಿಗೂ ಬೇಲಿಗೂ ಚಪ್ಪರಕ್ಕೂ ಬೇಕು. 1950ರ ದಶಕದ ಕೊನೆಯಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಜಿಲ್ಲೆಯ ಕಾಡುಗಳ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಅದಕ್ಕೆ ಒದಗಿಸಲಾಯಿತು. ಮೇದರು ಪೇಟೆಯಲ್ಲಿ ತೆರುತ್ತಿದ್ದ ಬೆಲೆಗೂ ಈ ಬೆಲೆಗೂ ಹೋಲಿಕೆಯೇ ಇರಲಿಲ್ಲ. ಕಾಡಿನಲ್ಲಿ ಎಷ್ಟು ಬಿದಿರಿದೆ ಎಂಬ ಅಂದಾಜೂ ವಾಸ್ತವಕ್ಕಿಂತ ಬಹಳ ಹಿಗ್ಗಿದುದಾಗಿತ್ತು. ಒಂದೂವರೆ ದಶಕ ಕಳೆಯುವಷ್ಟರಲ್ಲಿ ಬಿದಿರು ವಿರಳವಾಯಿತು. ಹಳ್ಳಿಯ ದನಗಳ ಮೇವೂ ಹಳ್ಳಿಗರ ಕಡಿತವೂ ಇದಕ್ಕೆ ಕಾರಣವೆಂದು ಒಂದು ಪಕ್ಷ. ಕಾರ್ಖಾನೆಯ ಕಡಿತವೇ ಕಾರಣವೆಂದು ಮತ್ತೊಂದು ಪಕ್ಷ.

1970ರ ದಶಕದ ನಡುವಿನಲ್ಲಿ ಈ ವಿವಾದವು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರ ಮುಂದೆ ಅಧ್ಯಯನಕ್ಕೆ ಬಂದಿತು. ಅವರೊಡನೆ ಈ ಕಾರ್ಯದಲ್ಲಿ ತೊಡಗಿದ್ದ ಎಸ್. ನರೇಂದ್ರ ಪ್ರಸಾದ್ ಅವರು ಬಿದಿರಿನ ಮೇಲೆ ಮೇವು, ಬೆಂಕಿ, ಕಡಿತ ಇವುಗಳ ಪರಿಣಾಮವನ್ನೇ ತಮ್ಮ ಪ್ರೌಢಪ್ರಬಂಧದ ವಿಷಯವನ್ನಾಗಿ ಮಾಡಿಕೊಂಡರು. ಮುಳ್ಳುಬಿದಿರಿನ ಬುಡದಲ್ಲಿ ಹೆಣೆದುಕೊಂಡ ಮುಳ್ಳಿನ ಪೊದೆ ಇರುತ್ತದೆ. ಅದನ್ನು ಸವರಿ ತೆಗೆದರೆ ಮೆಳೆಯ ಇಕ್ಕಟ್ಟು ಕಳೆದು ಗಳಗಳು ಚೆನ್ನಾಗಿ ಬೆಳೆಯುತ್ತವೆಂಬುದು ಅರಣ್ಯಾಧಿಕಾರಿಗಳ ಮತ್ತು ಕಾರ್ಖಾನೆಯವರ ನಂಬಿಕೆ; ಕಡಿಯುವ ಕೂಲಿಗಾರರಿಗೂ ಅದರಿಂದ ಅನುಕೂಲ. ಆದುದರಿಂದ ಸವರುವುದು ರೂಢಿಯಾಗಿತ್ತು. ಹಳ್ಳಿಯವರಾದರೋ ಬೇರೆ ಮಾತು ಹೇಳಿದರು: ಮುಳ್ಳೇ ಕಳಲೆಗೆ ಕಾವಲು, ಅದನ್ನು ತೆಗೆದರೆ ದನವೂ ಕಾಡುಪ್ರಾಣಿಗಳೂ ಎಳೆಯ ಕಳಲೆಯನ್ನು ತಿಂದು ಹಾಕುತ್ತವೆ ಎಂದು.

ಈ ಸಂದರ್ಭದಲ್ಲಿ ವಿದ್ಯಾವಂತನ ಮುಂದೆ ಎರಡು ಸುಲಭದ ದಾರಿಗಳಿರುತ್ತವೆ. ಅಕ್ಷರ ಬಾರದವರ ಮಾತೆಂದು ತಳ್ಳಿಹಾಕುವುದು ಒಂದು. ಹಳ್ಳಿಯವರು ಹೇಳಿದ್ದೆಲ್ಲವೂ ಸತ್ಯವೆಂದು ಪರೀಕ್ಷಿಸದೆ ಒಪ್ಪಿಬಿಡುವುದು ಇನ್ನೊಂದು. ಸಂಶೋಧಕರು ಈ ಎರಡನ್ನೂ ಬಿಟ್ಟು ಮೂರನೆಯ ದಾರಿಯನ್ನು ಹಿಡಿದರು. ಅವರು ಹಳ್ಳಿಯವರ ಮಾತನ್ನು ಗೌರವದಿಂದ ಕೇಳಿದರು. ಕೇಳಿದ್ದನ್ನು ಪರೀಕ್ಷೆಗೆ ಒಡ್ಡಿದರು. ಸುಮಾರು ಮೂರು ವರ್ಷಗಳ ಕಾಲ ಎಚ್ಚರಿಕೆಯಿಂದ ನಡೆಸಿದ ಅಧ್ಯಯನದಿಂದ ಹಳ್ಳಿಯವರ ಮಾತೇ ನಿಜವೆಂದು ಸ್ಥಿರಪಟ್ಟಿತು. ಮುಳ್ಳಿನ ರಕ್ಷೆ ಹೋದೆಡೆಗಳಲ್ಲಿ ಕಳಲೆಗಳು ಮೇವಿಗೆ ತುತ್ತಾಗಿ, ಹೊಸ ಗಳಗಳ ಸಂಖ್ಯೆ ಇಳಿದಿತ್ತು. ದನಗಳ ಮೇವು ಹಾನಿಮಾಡುತ್ತದೆಂಬ ಮಾತೂ ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಆ ಮೇವಿಗೆ ಬಾಗಿಲು ತೆರೆದುಕೊಟ್ಟದ್ದು ಮುಳ್ಳು ಸವರುವ ರೂಢಿ. ಈ ಅಧ್ಯಯನದ ವರದಿಯನ್ನು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಲಿಯು 1981ರಲ್ಲಿ ಪ್ರಕಟಿಸಿತು.

ಅಸಲು ಮತ್ತು ಬಡ್ಡಿ

ಇಲ್ಲಿ ಗಣಿತದ ಸ್ಥಾನವೇನೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಕಾಡಿನಲ್ಲಿ 1,000 ಮೆಳೆಗಳಿವೆ. ಮೆಳೆಗೆ 30ರಂತೆ ಒಟ್ಟು 30,000 ಗಳಗಳಿವೆ ಎಂದಿಟ್ಟುಕೊಳ್ಳೋಣ. ಪ್ರತಿ ಮೆಳೆಯಲ್ಲಿ ವರ್ಷಕ್ಕೆ 4 ಕಳಲೆಗಳು ಮೂಡಿ ಬಲಿತರೆ ವರ್ಷದ ಆದಾಯ 4,000. ಕಡಿತ 5,000 ಆದರೆ ವರ್ಷಕ್ಕೆ 1,000 ಗಳ ಅಸಲಿನಿಂದ ಹೋಗುತ್ತದೆ. ಕಾಡು ಬರಿದಾಗಲು 30 ವರ್ಷ ಬೇಕು. ಮುಳ್ಳು ಸವರಿದ ಕಾರಣ ಕಳಲೆಗಳಲ್ಲಿ ಅರ್ಧ ಮೇವಿಗೆ ಹೋಯಿತೆನ್ನೋಣ. ಆದಾಯ 2,000ಕ್ಕೆ ಇಳಿದು, ಅಸಲಿನಿಂದ ಹೋಗುವುದು 3,000 ಆಗುತ್ತದೆ. ಅದೇ ಕಾಡು 10 ವರ್ಷಗಳಲ್ಲಿಯೇ ಬರಿದಾಗುತ್ತದೆ. ಕಡಿತದ ಪ್ರಮಾಣ ಒಂದೇ. ಮುಳ್ಳೊಂದನ್ನು ತೆಗೆದುದರಿಂದ ಕಾಡಿನ ಆಯುಷ್ಯ ಮೂರರಲ್ಲಿ ಒಂದು ಭಾಗವಾಯಿತು. ಮುಳ್ಳನ್ನು ಉಳಿಸಿ ಕಡಿತವನ್ನು 3,000ಕ್ಕೆ ಮಿತಗೊಳಿಸಿದ್ದರೆ ವರ್ಷವರ್ಷವೂ 1,000 ಗಳ ಅಸಲಿಗೇ ಸೇರುತ್ತಿತ್ತು.

ನಿಜವಾದ ಕಾಡಿನ ಲೆಕ್ಕ ಇಷ್ಟು ಸರಳವಲ್ಲ. ಗಳಗಳು ಮುಪ್ಪಾಗಿ ತಾವಾಗಿಯೇ ಒಣಗುತ್ತವೆ. ಮೆಳೆ ಸೊರಗಿದಂತೆ ಕಳಲೆಯ ಸಂಖ್ಯೆಯೂ ಕುಗ್ಗುತ್ತದೆ. ಒಮ್ಮೆಗೇ ಹೂಬಿಡುವ ವರ್ಷ ಬಂದರೆ ಲೆಕ್ಕವೆಲ್ಲ ಬದಲಾಗುತ್ತದೆ. ಈ ತೊಡಕುಗಳನ್ನು ಬಿಡಿಸುವುದಕ್ಕಾಗಿಯೇ ಸಂಖ್ಯಾಶಾಸ್ತ್ರವನ್ನು ಪಠ್ಯದಲ್ಲಿ ಇರಿಸಿದ್ದಾರೆ. ಆದರೆ ಮೂಲತತ್ತ್ವ ಮಾತ್ರ ಪ್ರತಿಯೊಬ್ಬ ಗೃಹಸ್ಥನಿಗೂ ತಿಳಿದದ್ದೇ: ಬಡ್ಡಿಯನ್ನು ಉಣ್ಣಬಹುದು, ಅಸಲನ್ನು ಉಣ್ಣಬಾರದು. ಟನ್ನಿಗೆ ಒಂದೂವರೆ ರೂಪಾಯಿ ಎಂಬ ಬೆಲೆಯ ದೋಷವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಬೆಲೆ ನಗಣ್ಯವಾದಾಗ ಉಳಿಸುವುದರಿಂದ ಕಡಿಯುವವನಿಗೆ ಲಾಭವಿಲ್ಲ. ಒಂದು ಕಾಡು ಬರಿದಾದರೆ ಇನ್ನೂ ದೂರದ ಕಾಡಿಗೆ ಹೋಗುವುದೇ ಅವನಿಗೆ ಸುಲಭ. ಹಾಗೆ ಹೋಗಲಾರದವನು ಮೇದರವನು ಮಾತ್ರ.

ಕಾನೂನಿನ ಎಳೆ

ಬಿದಿರು ಹುಲ್ಲಿನ ಜಾತಿಯೆಂದು ಸಸ್ಯಶಾಸ್ತ್ರ ಹೇಳಿದರೂ 1927ರ ಭಾರತೀಯ ಅರಣ್ಯ ಕಾಯಿದೆ ಅದನ್ನು 'ಮರ' ಎಂಬ ವ್ಯಾಖ್ಯೆಯಲ್ಲಿ ಸೇರಿಸಿತ್ತು. ಒಂದು ಶಬ್ದದ ವ್ಯಾಖ್ಯೆ ಲಕ್ಷಾಂತರ ಜನರ ಬದುಕನ್ನು ಹೇಗೆ ಆಳಬಲ್ಲುದು ಎಂಬುದಕ್ಕೆ ಭಾಷಾವಿದ್ಯಾರ್ಥಿಗಳಿಗೂ ಇದು ಒಳ್ಳೆಯ ಉದಾಹರಣೆ. ಮರವೆಂದಾದ ಮೇಲೆ ಅದನ್ನು ಕಡಿಯಲು, ಸಾಗಿಸಲು ಅನುಮತಿಗಳ ಸರಣಿಯೇ ಬೇಕಾಯಿತು. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಪರಿಗಣಿಸಿ, ಅರ್ಹರಾದ ಅರಣ್ಯವಾಸಿಗಳಿಗೆ ಅದರ ಮೇಲೆ ಹಕ್ಕು ಕೊಟ್ಟಿತು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ-ಲೇಖಾ ಗ್ರಾಮವು 2009ರಲ್ಲಿ ಸಾಮುದಾಯಿಕ ಅರಣ್ಯ ಹಕ್ಕನ್ನು ಪಡೆದು, 2011ರಲ್ಲಿ ಬಿದಿರನ್ನು ತಾನೇ ಮಾರುವ ಅಧಿಕಾರವನ್ನು ಸ್ಥಾಪಿಸಿಕೊಂಡಿತು. 2017ರ ತಿದ್ದುಪಡಿಯಿಂದ 'ಮರ' ಎಂಬ ವ್ಯಾಖ್ಯೆಯಿಂದ ಬಿದಿರು ಹೊರಬಂದಿತು. ಇದರಿಂದ ಅರಣ್ಯದ ಹೊರಗೆ ತಮ್ಮ ಜಮೀನಿನಲ್ಲಿ ಬಿದಿರು ಬೆಳೆಯುವ ರೈತರಿಗೆ ಅನುಕೂಲವಾಯಿತು. ಸಸ್ಯಶಾಸ್ತ್ರದ ಒಂದು ಸರಳ ಸತ್ಯ ಕಾಯಿದೆಯ ಪುಸ್ತಕವನ್ನು ಸೇರಲು 90 ವರ್ಷಗಳು ಹಿಡಿದವು.

ಸಾಮುದಾಯಿಕ ಸ್ವತ್ತಿನ ವಿಚಾರ

ಎಲ್ಲರಿಗೂ ಸೇರಿದ ಸ್ವತ್ತು ಯಾರಿಗೂ ಬೇಡವಾಗಿ ಹಾಳಾಗುವುದೇ ವಿಧಿಯೇ ಎಂಬ ಪ್ರಶ್ನೆ ಈ ವ್ಯಾಸಂಗದ ತಾತ್ತ್ವಿಕ ಕೇಂದ್ರ. ಪ್ರತಿಯೊಬ್ಬನೂ ತನ್ನ ಲಾಭಕ್ಕಾಗಿ ಒಂದೊಂದು ದನವನ್ನು ಹೆಚ್ಚಿಸುತ್ತಾ ಹೋದರೆ ಗೋಮಾಳ ನಾಶವಾಗುವುದು ಅನಿವಾರ್ಯವೆಂದು ಅಮೆರಿಕದ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದರು. ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ ಈ ವಾದವನ್ನು ನಾನಾ ದೇಶಗಳ ಕಾಡು, ನೀರಾವರಿ, ಮೀನುಗಾರಿಕೆಗಳ ಅನುಭವಕ್ಕೆ ಒರೆಹಚ್ಚಿ 1990ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಬಳಸುವವರು ಯಾರೆಂಬುದು ನಿಶ್ಚಿತವಾಗಿದ್ದು, ನಿಯಮಗಳನ್ನು ಅವರೇ ಮಾಡಿಕೊಂಡು, ತಪ್ಪಿದವರನ್ನು ತಾವೇ ಗಮನಿಸಿ ದಂಡಿಸುವ ಕಡೆಗಳಲ್ಲಿ ಸಾಮುದಾಯಿಕ ಸ್ವತ್ತು ಬಹುಕಾಲ ಬಾಳಿದೆ ಎಂದು ಅವರು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆ ಶಾಸ್ತ್ರದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು.

ಈ ವಿಚಾರಕ್ಕೆ ಸಾಕ್ಷಿಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಕುಮಟಾ ತಾಲ್ಲೂಕಿನ ಹಳಕಾರದಲ್ಲಿ 1920ರ ದಶಕದಲ್ಲಿ ಸ್ಥಾಪಿತವಾದ ಗ್ರಾಮ ಅರಣ್ಯ ಪಂಚಾಯತಿ, ಸುತ್ತಲಿನ ಕಾಡು ತೆಳುವಾದ ಕಾಲದಲ್ಲಿಯೂ ತನ್ನ ಕಾಡನ್ನು ಕಾಪಾಡಿಕೊಂಡು ಬಂದುದು ವಿದ್ವಾಂಸರ ಗಮನವನ್ನು ಸೆಳೆದಿದೆ. ಹಳೆಯ ಮೈಸೂರಿನ ಕೆರೆಗಳಲ್ಲಿ ತೂಬು ತೆರೆಯುವ, ಸರದಿಯಂತೆ ನೀರು ಹಾಯಿಸುವ ಅಧಿಕಾರವನ್ನು ನೀರುಗಂಟಿಗೆ ವಹಿಸಿದ್ದ ಪದ್ಧತಿಯೂ ಇಂತಹುದೇ. ಇವು ಪುಸ್ತಕ ಓದಿ ಮಾಡಿದ ವ್ಯವಸ್ಥೆಗಳಲ್ಲ. ಆದರೆ ಪುಸ್ತಕ ಬರೆಯುವವರಿಗೆ ಆಧಾರವಾದ ವ್ಯವಸ್ಥೆಗಳು.

ಭಾಷೆಯ ಪ್ರಶ್ನೆ

ಇಷ್ಟರಿಂದ ಒಂದು ಮಾತು ಸಿದ್ಧವಾಗುತ್ತದೆ. ಈ ವ್ಯಾಸಂಗಕ್ಕೆ ಅಳೆಯುವ ವಿದ್ಯೆ ಎಷ್ಟು ಮುಖ್ಯವೋ ಕೇಳುವ ವಿದ್ಯೆಯೂ ಅಷ್ಟೇ ಮುಖ್ಯ. ಮುಳ್ಳಿನ ವಿಷಯವನ್ನು ಹಳ್ಳಿಯವರು ಹೇಳಿದ್ದು ತಮ್ಮ ಮಾತಿನಲ್ಲಿ. ಅದನ್ನು ಕೇಳಿಸಿಕೊಳ್ಳಬಲ್ಲ ಕಿವಿ ಇಲ್ಲದಿದ್ದರೆ ಪರೀಕ್ಷಿಸಬೇಕಾದ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ನೆಲವನ್ನು ಕುರಿತ ಕನ್ನಡದ ಶಬ್ದಗಳು ಬರಿಯ ಹೆಸರುಗಳಲ್ಲ. ಒಂದೊಂದರ ಹಿಂದೆಯೂ ಒಂದು ಬಳಕೆಯ ಕ್ರಮವಿದೆ. ಗೋಮಾಳವೆಂದರೆ ಊರ ದನಗಳು ಮೇಯಲು ಬಿಟ್ಟ ನೆಲ. ಸೊಪ್ಪಿನಬೆಟ್ಟವೆಂದರೆ ಅಡಕೆ ತೋಟಕ್ಕೆ ಬೇಕಾದ ಸೊಪ್ಪನ್ನು ತರಲು ತೋಟದವರಿಗೆ ಹಕ್ಕಿರುವ ಕಾಡು. ಬೇಣವೆಂದರೆ ಹುಲ್ಲು ಕೊಯ್ಯುವ ಜಾಗ. ಕಾನು ಎಂದರೆ ಮಲೆನಾಡಿನ ದಟ್ಟವಾದ ನಿತ್ಯಹಸುರಿನ ಕಾಡು. ಮಣ್ಣಿನಲ್ಲಿ ಎರೆ, ಕೆಬ್ಬೆ, ಮರಳು, ಜವುಳು ಎಂಬ ಭೇದಗಳನ್ನು ರೈತನು ಬಣ್ಣದಿಂದಲೂ ಸ್ಪರ್ಶದಿಂದಲೂ ಗುರುತಿಸುತ್ತಾನೆ. ಉಪಗ್ರಹದ ಚಿತ್ರದಲ್ಲಿ ಬೇಣವೂ ಗೋಮಾಳವೂ ಒಂದೇ ಬಣ್ಣವಾಗಿ ಕಾಣಬಹುದು. ಸರಕಾರಿ ದಾಖಲೆಯಲ್ಲಿ ಎರಡೂ ಪಾಳುಭೂಮಿ ಎಂದು ಸೇರಿಹೋಗಬಹುದು. ಹಾಗೆ ಸೇರಿಸಿದವನು ಒಂದು ಶಬ್ದವನ್ನು ಕಳೆದುಕೊಂಡನೆಂದರೆ ಸಾಲದು. ಆ ಶಬ್ದದೊಳಗಿದ್ದ ಜನರ ಹಕ್ಕನ್ನೂ ಕಳೆದನು. ನಾಳೆ ಆ 'ಪಾಳುಭೂಮಿ'ಯನ್ನು ಬೇರೊಂದು ಕಾರ್ಯಕ್ಕೆ ಕೊಟ್ಟಾಗ, ಊರ ದನಗಳಿಗೆ ನಿಲ್ಲಲು ಜಾಗವಿಲ್ಲವಾಗುತ್ತದೆ.

ಗ್ರಾಮಾಂತರದ ಕನ್ನಡ ಶಾಲೆಗಳಲ್ಲಿ ಓದಿದ ವಿದ್ಯಾರ್ಥಿಗೆ ಈ ಪ್ರೌಢ ವ್ಯಾಸಂಗದಲ್ಲಿ ಇಂಗ್ಲಿಷಿನ ತೊಡಕು ಎದುರಾಗುವುದು ನಿಜ. ಗ್ರಂಥಗಳೂ ಉಪನ್ಯಾಸಗಳೂ ಬಹುತೇಕ ಆ ಭಾಷೆಯಲ್ಲಿರುವುದರಿಂದ ಅದನ್ನು ಶ್ರಮಪಟ್ಟು ಕಲಿಯಲೇಬೇಕು. ಆದರೆ ಆತನಲ್ಲಿ ನಗರದ ವಿದ್ಯಾರ್ಥಿಗೆ ಸುಲಭವಾಗಿ ದೊರೆಯದ ಒಂದು ಬಂಡವಾಳವಿದೆ: ಕೋಡಿ ಬೀಳುವುದೆಂದರೇನು, ಹದವಾದ ಮಳೆ ಎಂದರೇನು, ಯಾವ ಮಾತನ್ನು ಯಾರಲ್ಲಿ ಹೇಗೆ ಕೇಳಬೇಕು ಎಂಬುದು ಅವನಿಗೆ ಗೊತ್ತು. ಈ ಬಂಡವಾಳವನ್ನು ಹಿಂದುಳಿದಿರುವಿಕೆಯೆಂದು ಭಾವಿಸಿ ನಾಚುವಂತೆ ಅವನನ್ನು ಮಾಡಿದರೆ ಅದು ಶಿಕ್ಷಣದ ದೋಷ.

ಇದಕ್ಕಿಂತಲೂ ಗಂಭೀರವಾದ ವಿಷಯ ಇನ್ನೊಂದಿದೆ. ವಿದ್ಯಾರ್ಥಿಯು ಹಳ್ಳಿಗೆ ಹೋಗಿ, ಹಿರಿಯರನ್ನು ಕೇಳಿ, ಅವರ ಹೊಲವನ್ನು ಅಳೆದು, ಬಾವಿಯ ನೀರನ್ನು ಪರೀಕ್ಷಿಸಿ, ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆದು ಪದವಿ ಪಡೆಯುತ್ತಾನೆ. ಆ ಪ್ರಬಂಧ ವಿಶ್ವವಿದ್ಯಾನಿಲಯದ ಗ್ರಂಥಾಲಯದ ಕಪಾಟನ್ನು ಸೇರುತ್ತದೆ. ಬಾವಿಯ ನೀರು ಕುಡಿಯಲು ಯೋಗ್ಯವೇ ಅಲ್ಲವೇ ಎಂಬುದು ಆ ಬಾವಿಯಿಂದ ಕುಡಿಯುವವರಿಗೆ ತಿಳಿಯುವುದೇ ಇಲ್ಲ. ಕಾಡಿನಿಂದ ಬಿದಿರನ್ನು ತೆಗೆದು ಏನನ್ನೂ ಹಿಂದಿರುಗಿಸದವನಿಗೂ, ಹಳ್ಳಿಯಿಂದ ಜ್ಞಾನವನ್ನು ತೆಗೆದು ಏನನ್ನೂ ಹಿಂದಿರುಗಿಸದವನಿಗೂ ಭೇದವೇನು? ಅಸಲು ಬಡ್ಡಿಗಳ ನ್ಯಾಯ ವಿದ್ಯೆಗೂ ಅನ್ವಯಿಸುತ್ತದೆ.

ಪದವಿಯ ಫಲ ಮತ್ತು ಸಮಾಜದ ಹೊಣೆ

ಈ ಪದವಿಯನ್ನು ಪಡೆದವರಿಗೆ ಮಾಲಿನ್ಯ ನಿಯಂತ್ರಣ ಮಂಡಲಿಗಳು, ಜಲಾನಯನ ಅಭಿವೃದ್ಧಿಯ ಯೋಜನೆಗಳು, ಸ್ವಯಂಸೇವಾ ಸಂಸ್ಥೆಗಳು, ಕಾರ್ಖಾನೆಗಳ ಪರಿಸರ ವಿಭಾಗಗಳು, ಸಂಶೋಧನಾಲಯಗಳು, ಅಧ್ಯಾಪನ ಇವುಗಳಲ್ಲಿ ಉದ್ಯೋಗದ ಅವಕಾಶಗಳಿವೆ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯ ಮೂಲಕ ಅರಣ್ಯ ಸೇವೆಯನ್ನು ಸೇರಬಯಸುವ ವಿಜ್ಞಾನ ಪದವೀಧರರಿಗೂ ಈ ಓದು ಪೋಷಕವಾಗುತ್ತದೆ. ಆದರೂ ವೈದ್ಯಕೀಯ, ಇಂಜಿನಿಯರಿಂಗ್ ಪದವಿಗಳಂತೆ ಓದು ಮುಗಿದೊಡನೆ ಸಂಬಳ ಕೈಸೇರುವ ಮಾರ್ಗ ಇದಲ್ಲವೆಂಬುದನ್ನು ತಂದೆತಾಯಿಗಳಿಗೆ ಮರೆಮಾಚದೆ ಹೇಳಬೇಕು. ಬಿಸಿಲು ಮಳೆಗಳಲ್ಲಿ ನಡೆಯುವ ಮನಸ್ಸು, ಲೆಕ್ಕದಲ್ಲಿ ಆಸಕ್ತಿ, ಜನರೊಡನೆ ಬೆರೆಯುವ ಸೌಜನ್ಯ ಈ ಮೂರೂ ಇದ್ದವರು ಇದಕ್ಕೆ ಅರ್ಹರು.

ಇಂತಹ ಅರ್ಹತೆ ಪ್ರೌಢಶಾಲೆಯಲ್ಲಿಯೇ ಮೊಳೆಯತಕ್ಕದ್ದು. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನಿಟ್ಟು ಮಕ್ಕಳಿಂದ ದಿನದ ಮಳೆಯನ್ನು ಬರೆಯಿಸುವುದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಸರಾಸರಿ ಎಂಬ ಗಣಿತದ ಪಾಠ ಆ ದಾಖಲೆಯಿಂದಲೇ ಹೊರಡಬಹುದು. ಊರ ಕೆರೆಯ ಹೂಳು, ಬಾವಿಗಳ ಆಳ, ಗೋಮಾಳದ ಎಲ್ಲೆ ಇವುಗಳನ್ನು ಅಜ್ಜ ಅಜ್ಜಿಯರಿಂದ ಕೇಳಿ ಬರೆದು ತರುವುದು ಕನ್ನಡ ಪ್ರಬಂಧರಚನೆಯ ಅಭ್ಯಾಸವೂ ಆಗುತ್ತದೆ. ಹತ್ತು ವರ್ಷಗಳ ಇಂತಹ ದಾಖಲೆ ಇರುವ ಶಾಲೆಗೆ ವಿಶ್ವವಿದ್ಯಾನಿಲಯದವರೇ ಹುಡುಕಿಕೊಂಡು ಬರುವುದರಲ್ಲಿ ಆಶ್ಚರ್ಯವಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ತಹಸೀಲು ಕಚೇರಿ, ಅರಣ್ಯ, ಕೃಷಿ, ನೀರಾವರಿ ಇಲಾಖೆಗಳಲ್ಲಿ ಸೇವೆ ಸಲ್ಲಿಸುತ್ತಿರುವವರು ಎಲ್ಲ ಶಾಲೆಗಳಲ್ಲಿಯೂ ಇರುತ್ತಾರೆ. ಕ್ಷೇತ್ರಕಾರ್ಯಕ್ಕೆ ಬಂದ ವಿದ್ಯಾರ್ಥಿಗೆ ಹಳೆಯ ನಕ್ಷೆಯನ್ನು ನೋಡಲು ದಾರಿ ತೋರಿಸುವುದು, ತಂಗಲು ಒಂದು ಮನೆಯನ್ನು ಗೊತ್ತುಮಾಡಿಕೊಡುವುದು ಅವರಿಂದ ಆಗಬಹುದಾದ ಉಪಕಾರ. ಇನ್ನು ದಾನಿಗಳ ಮಾತು. ಕಟ್ಟಡಗಳಿಗೂ ಉಚಿತ ಪ್ರಸಾದ ನಿಲಯಗಳಿಗೂ ಕೈಯೆತ್ತಿ ಕೊಡುವ ಪರಂಪರೆ ಈ ನಾಡಿನಲ್ಲಿ ದೊಡ್ಡದು. ಅದರೊಡನೆ ಪ್ರೌಢ ವ್ಯಾಸಂಗದ ಬಡ ವಿದ್ಯಾರ್ಥಿಯ ಕ್ಷೇತ್ರಕಾರ್ಯದ ತಿಂಗಳುಗಳ ವೆಚ್ಚವನ್ನು ಹೊರುವ ಒಂದು ಸಣ್ಣ ನಿಧಿಯೂ ಸೇರಿದರೆ ಉಚಿತ. ಹಣದ ಅಭಾವದಿಂದ ಮೂರು ತಿಂಗಳ ಅಧ್ಯಯನವನ್ನು ಮೂರು ವಾರಗಳಲ್ಲಿ ಮುಗಿಸಿ ಬಂದವನು ಮೆಳೆಯನ್ನು ನೋಡಿರುತ್ತಾನೆಯೇ ಹೊರತು, ಮಳೆಗಾಲದಲ್ಲಿ ಕಳಲೆ ಮೂಡುವುದನ್ನೂ ಅದು ಮೇವಿಗೆ ಹೋಗುವುದನ್ನೂ ನೋಡಿರುವುದಿಲ್ಲ.

ಅಂತಹ ನಿಧಿಗೆ ಒಂದೇ ಒಂದು ನಿಬಂಧನೆ ಸಾಕು. ನೆರವು ಪಡೆದ ವಿದ್ಯಾರ್ಥಿಯು ತನ್ನ ಪ್ರಬಂಧದ ಸಾರವನ್ನು ಹತ್ತು ಪುಟಗಳ ತಿಳಿಗನ್ನಡದಲ್ಲಿ ಬರೆದು, ಒಂದು ಪ್ರತಿಯನ್ನು ತಾನು ಅಧ್ಯಯನ ಮಾಡಿದ ಊರಿನ ಗ್ರಾಮ ಪಂಚಾಯತಿಗೂ ಮತ್ತೊಂದನ್ನು ತಾನು ಓದಿದ ಶಾಲೆಯ ಗ್ರಂಥಭಂಡಾರಕ್ಕೂ ಒಪ್ಪಿಸಬೇಕು. ಗ್ರಾಮಸಭೆಯಲ್ಲಿ ನಿಂತು ಅದನ್ನು ಓದಿ, ಹಿರಿಯರು ಕೇಳುವ ಪ್ರಶ್ನೆಗಳಿಗೆ ಉತ್ತರಿಸಬೇಕು. ವಿಶ್ವವಿದ್ಯಾನಿಲಯದ ಪರೀಕ್ಷಕರು ಕೊಡುವ ಪದವಿಗೆ ಈ ಎರಡನೆಯ ಪರೀಕ್ಷೆಯೂ ಕೂಡಿದಾಗಲೇ 'ನಿರ್ವಹಣೆ' ಎಂಬ ಶಬ್ದ ಅನ್ವರ್ಥವಾಗುತ್ತದೆ. ಊರಿನಿಂದ ಪಡೆದದ್ದು ಊರಿಗೆ ಮುಟ್ಟುತ್ತದೆ.